ಕಡಲಾಚೆಯ ಸಿಪಾಯಿಗೆ ಕಟ್ಟಿದ ಬುತ್ತಿ

ದೂರದ ಊರಿಗೆ ಹೊರಟವನಿಗೆ ಗಂಟು ಕಟ್ಟಿಕೊಡುವುದು ನಮ್ಮ ಗಡಿನಾಡಿನ ಮನೆಗಳಿಗೆ ಹೊಸತಲ್ಲ. ಮುಂಬಯಿಗೆ ಹೊರಟ ಮಗನಿಗೆ ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ, ಸಾರಿನ ಪುಡಿ ಎಂದು ಒಂದೊಂದನ್ನೇ ನೆನಪಿಸಿಕೊಂಡು ಕಟ್ಟುವ ತಾಯಿಗೆ, ಅವನು ಏನನ್ನು ಉಣ್ಣುತ್ತಾನೆ, ಏನನ್ನು ದೂರ ಸರಿಸುತ್ತಾನೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಮುಖ ಕಾಣದ, ಭಾಷೆ ತಿಳಿಯದ, ಆಚಾರವರಿಯದ ಸಾವಿರಗಟ್ಟಲೆ ಜನರಿಗೆ ಗಂಟು ಕಟ್ಟಬೇಕಾಗಿ ಬಂದರೆ? 1914ರ ಚಳಿಗಾಲದಲ್ಲಿ ಇಂಗ್ಲೆಂಡಿನ ಜನರಿಗೆ ಅಂಥದೊಂದು ಕೆಲಸ ಬಂದೊದಗಿತ್ತು. ಅದರ ಗುರುತುಗಳನ್ನು ಅರಸಿಕೊಂಡು ಲಂಡನ್ನು, ಬ್ರೈಟನ್, ಬ್ರಾಕನ್‌ಹರ್ಸ್ಟ್ ಎಂಬ ಮೂರು ಸ್ಥಳಗಳನ್ನು ನಾವು ಸಂದರ್ಶಿಸಿದ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಒಳಿತು. ಮೊದಲ ಮಹಾಯುದ್ಧವು ಆರಂಭವಾದ ಎರಡು ತಿಂಗಳೊಳಗೆ, 1914ರ ಸಪ್ಟೆಂಬರ್ ಕೊನೆಯಲ್ಲಿ, ಭಾರತದ ಸೇನೆಯ ಲಾಹೋರ್ ವಿಭಾಗವು ಫ್ರಾನ್ಸಿನ ಮಾರ್ಸೇಲ್ಸ್ ಬಂದರದಲ್ಲಿಳಿಯಿತು. ಮೀರತ್ ವಿಭಾಗವು ಅದನ್ನು ಹಿಂಬಾಲಿಸಿತು. ಮೈಮೇಲೆ ಇದ್ದುದು ನಮ್ಮ ಸೆಕೆಗೆ ಹೊಲಿದ ತೆಳು ಹತ್ತಿಯ ಖಾಕಿ. ಅಕ್ಟೋಬರಿನಲ್ಲೇ ಅವರನ್ನು ಬೆಲ್ಜಿಯಮಿನ ಗಡಿಯ ಕೆಸರಿನ ಕಂದಕಗಳಿಗೆ ಇಳಿಸಿದರು. ಸಿಖ್ಖರು, ಪಂಜಾಬಿ ಮುಸಲ್ಮಾನರು, ಪಠಾಣರು, ಡೋಗ್ರರು, ಗಢವಾಲಿಗಳು, ಗೂರ್ಖರು, ಅವರೊಡನೆ ಅಡಿಗೆಯವರು, ನೀರು ಹೊರುವವರು, ಜಾಡಮಾಲಿಗಳು. ಯುದ್ಧದ ಅವಧಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಮಿಗೆ ಹೋದ ಭಾರತೀಯರು ಒಟ್ಟು ಸುಮಾರು 1,40,000. ಇವರಲ್ಲಿ ಮೈಸೂರಿನ ಕುದುರೆ ಪಡೆಯನ್ನು ಹುಡುಕುವವರಿಗೆ ನಿರಾಶೆಯಾದೀತು. ಅವರು ಹೋದದ್ದು ಈಜಿಪ್ಟಿನ ಕಡೆಗೆ. ಅವರು ಕೀರ್ತಿ ಪಡೆದುದು 1918ರ ಸಪ್ಟೆಂಬರ್ 23ರಂದು, ಹೈಫಾ ಪಟ್ಟಣದಲ್ಲಿ. ಅದೇ ಬೇರೊಂದು ಕಥೆ.

ಲಂಡನ್ನಿನ ಇಂಪೀರಿಯಲ್ ಯುದ್ಧ ಸಂಗ್ರಹಾಲಯದಲ್ಲಿ ನಾವು ಬಹಳ ಹೊತ್ತು ನಿಂತುದು ತೋಪುಗಳ ಮುಂದೆ ಅಲ್ಲ, ಒಂದು ಹಿತ್ತಾಳೆಯ ಡಬ್ಬಿಯ ಮುಂದೆ. ನಮ್ಮ ಅಜ್ಜಂದಿರ ಎಲೆಯಡಿಕೆಯ ಕರಡಿಗೆಗಿಂತ ದೊಡ್ಡದೇನೂ ಅಲ್ಲ. ಮುಚ್ಚಳದ ನಡುವೆ ರಾಜಕುಮಾರಿ ಮೇರಿಯ ಮುಖ, ಸುತ್ತಲೂ ಮಿತ್ರದೇಶಗಳ ಹೆಸರು, ಕೆಳಗೆ 1914ರ ಕ್ರಿಸ್‌ಮಸ್ ಎಂಬ ಗುರುತು. ಐದನೆಯ ಜಾರ್ಜ್ ದೊರೆಯ ಮಗಳಾದ ಈಕೆಗೆ ಆಗ ಹದಿನೇಳು ವರ್ಷ. ಕಡಲಿನಲ್ಲಿಯೂ ರಣರಂಗದಲ್ಲಿಯೂ ಇರುವ ಪ್ರತಿಯೊಬ್ಬನಿಗೂ ಹಬ್ಬಕ್ಕೊಂದು ಕಾಣಿಕೆ ಮುಟ್ಟಬೇಕೆಂದು ಆಕೆಯ ಹೆಸರಿನಲ್ಲಿ ಸಾರ್ವಜನಿಕರಿಗೆ ಬಿನ್ನಹ ಹೊರಟಿತು. ಕೂಡಿದ ಹಣ 1,62,591 ಪೌಂಡು. ಹಿತ್ತಾಳೆಯೇ ಸಾಕಷ್ಟು ದೊರೆಯದೆ ಅಮೆರಿಕದಿಂದ ತರಿಸಬೇಕಾಯಿತು. ಅದರಲ್ಲೊಂದು ಪಾಲು 1915ರ ಮೇ ತಿಂಗಳಲ್ಲಿ ಲೂಸಿಟಾನಿಯಾ ಹಡಗಿನೊಡನೆ ಸಮುದ್ರದ ತಳ ಸೇರಿತು.

ಡಬ್ಬಿಯನ್ನು ಮಾಡಿಸುವುದು ಸುಲಭ, ಅದರೊಳಗೆ ಏನನ್ನಿಡುವುದೆಂಬುದೇ ಕಷ್ಟ. ಬಿಳಿಯ ಸಿಪಾಯಿಗೆ ಹೊಗೆಸೊಪ್ಪು, ಸಿಗರೇಟು, ಸೇದುವ ಕೊಳವಿ. ಸೇದದವನಿಗೆ ಹುಳಿಮಿಠಾಯಿ, ಕಾಗದ, ಪೆನ್ಸಿಲು. ಗೂರ್ಖನಿಗೂ ಅದೇ. ಆದರೆ ಸಿಖ್ಖನು ಹೊಗೆಸೊಪ್ಪನ್ನು ಮುಟ್ಟುವವನಲ್ಲ. ಆದುದರಿಂದ ಅವನ ಡಬ್ಬಿಗೆ ಕಲ್ಲುಸಕ್ಕರೆ, ಜತೆಗೆ ತಗಡಿನ ಪುಟ್ಟ ಡಬ್ಬಿಯಲ್ಲಿ ಸಾಂಬಾರ ಪದಾರ್ಥ. ಉಳಿದ ಭಾರತೀಯರಿಗೆ ಸಿಗರೇಟು, ಕಲ್ಲುಸಕ್ಕರೆ, ಸಾಂಬಾರ ಪದಾರ್ಥ. ಹಿಮ ಸುರಿಯುವ ಕಂದಕದಲ್ಲಿ ಕುಳಿತವನಿಗೆ ಏಲಕ್ಕಿ ಲವಂಗಗಳ ಪರಿಮಳದ ನೆನಪಾದೀತು ಎಂದು ಲಂಡನ್ನಿನ ಸಮಿತಿಯೊಂದು ಕುಳಿತು ಯೋಚಿಸಿತಲ್ಲ, ಅದು ನಮಗೆ ಮೆಚ್ಚಿಗೆಯಾಯಿತು. ಮುಂದಿನ ಸಾಲನ್ನು ಓದಿದಾಗ ಆ ಮೆಚ್ಚಿಗೆ ಸ್ವಲ್ಪ ಇಳಿಯಿತೆಂಬುದನ್ನೂ ಹೇಳಬೇಕು. 'ಭಿಸ್ತಿ'ಗಳೆಂಬ ಒಂದೇ ಹೆಸರಿನಡಿಯಲ್ಲಿ ಸೇರಿಸಿದ ಸೇವಕ ವರ್ಗಕ್ಕೆ ಸಾಂಬಾರದ ತಗಡಿನ ಡಬ್ಬಿ ಮತ್ತು ಒಂದು ಶುಭಾಶಯ ಪತ್ರ ಮಾತ್ರ, ಹಿತ್ತಾಳೆಯಿಲ್ಲ. ಗುಂಡಿನ ನಡುವೆ ನೀರು ಹೊತ್ತವನಿಗೆ ರಾಜಕುಮಾರಿಯ ಮುಖವಿರುವ ಡಬ್ಬಿ ಸಲ್ಲುವುದಿಲ್ಲವೆಂದು ನಿರ್ಣಯಿಸಿದವರೂ ಅದೇ ಸಮಿತಿಯವರೇ.

ಆ ದಿನಗಳಲ್ಲಿ ಲಂಡನ್ನಿನ ಮನೆಮನೆಯಲ್ಲೂ ಸೂಜಿ ದಾರ ಓಡುತ್ತಿತ್ತು. ನಮ್ಮ ದೇಶದ ಇಬ್ಬರು ಮಹನೀಯರೂ ಆ ಕೆಲಸದಲ್ಲಿ ಕೈಜೋಡಿಸಿದ್ದರೆಂಬುದು ಅನೇಕರಿಗೆ ತಿಳಿದಿರಲಾರದು. ಲೈಸಿಯಮ್ ಎಂಬ ಮಹಿಳಾ ಸಂಘವು ಸೈನಿಕರಿಗೆ ಬಟ್ಟೆ ಹೊಲಿದುಕೊಡುವ ಹೊಣೆ ಹೊತ್ತಿತ್ತು. ಸರೋಜಿನಿ ನಾಯಿಡು ಅದರ ಸದಸ್ಯೆ. ದಕ್ಷಿಣ ಆಫ್ರಿಕದಿಂದ ಆಗತಾನೆ ಬಂದಿದ್ದ ಗಾಂಧೀಜಿಯವರ ಮುಂದೆ ಆಕೆ ಕತ್ತರಿಸಿದ ಬಟ್ಟೆಯ ರಾಶಿಯನ್ನಿಟ್ಟು, ಹೊಲಿಸಿ ಹಿಂದಿರುಗಿಸಿರೆಂದು ಹೇಳಿದರಂತೆ. ಗಾಂಧೀಜಿ ಗೆಳೆಯರ ನೆರವಿನಿಂದ ಆದಷ್ಟನ್ನು ಹೊಲಿಸಿಕೊಟ್ಟುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಬ್ಬರ ಪರಿಚಯವಾದುದೇ ಆ ಸಂದರ್ಭದಲ್ಲಿ.

ಭಾರತೀಯ ಸಿಪಾಯಿಗಳಿಗಾಗಿಯೇ ಪ್ರತ್ಯೇಕವಾಗಿ ದುಡಿದುದು 'ಇಂಡಿಯನ್ ಸೋಲ್ಜರ್ಸ್ ಫಂಡ್' ಎಂಬ ನಿಧಿ. 1914ರ ಅಕ್ಟೋಬರಿನಲ್ಲಿ ಹುಟ್ಟಿದ ಇದರ ಅಧ್ಯಕ್ಷರು ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರಾಗಿ ನಿವೃತ್ತರಾಗಿದ್ದ ಸರ್ ಜಾನ್ ಹ್ಯೂಯೆಟ್. ಉಣ್ಣೆಯ ಕಾಲುಚೀಲ, ಮಫ್ಲರು, ಅಂಗಿಗಳನ್ನು ಯಾವ ಸಂಸ್ಥೆಯಾದರೂ ಕಳುಹಿಸೀತು. ಈ ನಿಧಿಯು ಅವುಗಳ ಜತೆಗೆ ಸಿಖ್ಖರಿಗೆ ಉಕ್ಕಿನ ಕಡ, ಬಾಚಣಿಗೆ, ಕಿರ್ಪಾಣ, ಹಿಂದುಗಳಿಗೆ ಜನಿವಾರ, ಎಲ್ಲರಿಗೂ ಅವರವರ ಧರ್ಮಗ್ರಂಥ, ಸಿಹಿತಿಂಡಿ, ಮಸಾಲೆ ಇವನ್ನೂ ಹೊಂದಿಸಿ ಕಳುಹಿಸಿತು. ಲಂಡನ್ನಿನ ಉಗ್ರಾಣದಲ್ಲಿ ಜನಿವಾರದ ಕಟ್ಟುಗಳನ್ನು ಎಣಿಸಿ ಕಟ್ಟುತ್ತಿದ್ದ ದೃಶ್ಯವನ್ನು ನೆನೆದರೆ ನಗು ಬರುತ್ತದೆ. ನಕ್ಕ ಮೇಲೆ, ಬೇಡುವವನು ಬಾಯಿಬಿಡುವ ಮೊದಲೇ ಬೇಕಾದುದನ್ನು ಊಹಿಸಿದ ಬುದ್ಧಿಗೆ ತಲೆದೂಗಬೇಕೆನಿಸುತ್ತದೆ.

ಲಂಡನ್ನಿನಿಂದ ಬ್ರೈಟನ್‌ಗೆ ರೈಲಿನಲ್ಲಿ ಒಂದು ತಾಸಿನ ಹಾದಿ. ಕಡಲತಡಿಯ ಊರೆಂದಾಗ ನಮ್ಮ ಕಣ್ಣಿಗೆ ಬೇಕಲದ ಮರಳು ಬರುತ್ತದೆ. ಅಲ್ಲಿರುವುದು ಬರಿಯ ಉರುಟು ಕಲ್ಲು, ಬರಿಗಾಲಿನಲ್ಲಿ ನಡೆಯುವಂತಿಲ್ಲ. ಊರ ನಡುವೆ, ಇಂಗ್ಲಿಷ್ ಮೋಡದ ಕೆಳಗೆ, ಮೊಗಲರ ಗುಮ್ಮಟಗಳನ್ನೂ ಮಿನಾರುಗಳನ್ನೂ ಹೊತ್ತು ನಿಂತಿದೆ ರಾಯಲ್ ಪೆವಿಲಿಯನ್. ನಾಲ್ಕನೆಯ ಜಾರ್ಜ್ ದೊರೆಯ ವಿಲಾಸಕ್ಕಾಗಿ ಜಾನ್ ನ್ಯಾಶ್ ಎಂಬ ಶಿಲ್ಪಿ ಭಾರತವನ್ನು ಕಾಣದೆಯೇ ಕಟ್ಟಿದ ಈ ಭಾರತೀಯ ಅರಮನೆಗೆ, 1914ರ ಡಿಸೆಂಬರಿನಲ್ಲಿ ನಿಜವಾದ ಭಾರತೀಯರು ಗಾಯಗೊಂಡು ಬಂದರು. ಅರಮನೆ ಮತ್ತು ಪಕ್ಕದ ಸಭಾಭವನಗಳಲ್ಲಿ 720ಕ್ಕೂ ಹೆಚ್ಚು ಹಾಸಿಗೆಗಳನ್ನು ಹಾಕಿದರು. ದೊರೆಯ ದೊಡ್ಡ ಅಡಿಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ತಾಳೆಮರದ ಆಕಾರದ ಅಲ್ಲಿನ ಕಬ್ಬಿಣದ ಕಂಬಗಳನ್ನು ಈಗಲೂ ನೋಡಬಹುದು.

ಅಡಿಗೆಮನೆ ಹೋಯಿತು ಸರಿ, ಅಡಿಗೆ? ಅರಮನೆಯ ಆವರಣದಲ್ಲಿ ಒಂಬತ್ತು ಪ್ರತ್ಯೇಕ ಅಡಿಗೆಮನೆಗಳನ್ನು ಕಟ್ಟಿದರು. ಹಿಂದುಗಳಿಗೆ ಬೇರೆ, ಮುಸಲ್ಮಾನರಿಗೆ ಬೇರೆ, ಮಾಂಸ ತಿನ್ನುವವರಿಗೆ ಬೇರೆ, ತಿನ್ನದವರಿಗೆ ಬೇರೆ. ನೀರಿನ ನಳ್ಳಿಗಳನ್ನೂ ಪ್ರತ್ಯೇಕಿಸಿದರು. ಸಿಖ್ಖರ ಪ್ರಾರ್ಥನೆಗೆ ಡೇರೆ, ಮುಸಲ್ಮಾನರ ನಮಾಜಿಗೆ ಹುಲ್ಲುಹಾಸು. ಮತ್ತೊಂದು ವಿಷಯವನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು: ಆಸ್ಪತ್ರೆಯ ಫಲಕಗಳನ್ನು ಉರ್ದು, ಹಿಂದಿ, ಗುರುಮುಖಿಗಳಲ್ಲಿ ಬರೆಸಿದ್ದರು. ಬಂದವನು ಕೆಲವು ವಾರಗಳ ಅತಿಥಿ, ಆ ದೇಶದ ಪ್ರಜೆಯೂ ಅಲ್ಲ, ಓದು ಬಲ್ಲವನೂ ವಿರಳ. ಆದರೂ ಬಾಗಿಲ ಮೇಲಿನ ಅಕ್ಷರ ಅವನದಾಗಿರಬೇಕೆಂದು ಕಂಡಿತು. 1956ರ ನವಂಬರ್ ಒಂದರ ಬಳಿಕ, ನೆಲ ಬಿಟ್ಟು ಕದಲದೆಯೇ ಬೇರೆ ರಾಜ್ಯದವರಾದ ಕಾಸರಗೋಡಿನ ನಾವು, ಕಚೇರಿಯ ಬಾಗಿಲಲ್ಲಿ ಒಂದು ಕನ್ನಡ ಫಲಕಕ್ಕಾಗಿ ಎಷ್ಟು ಮನವಿಗಳನ್ನು ಬರೆದಿದ್ದೇವೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆ ಹಳೆಯ ಛಾಯಾಚಿತ್ರಗಳ ಮುಂದೆ ನಿಂತಾಗ ಅದು ನೆನಪಾಗದಿರಲಿಲ್ಲ.

ಇಷ್ಟೆಲ್ಲ ಉಪಚಾರವು ಶುದ್ಧ ಕರುಣೆಯಿಂದಲೇ ಹರಿದುಬಂತೆಂದು ಯಾರೂ ಭಾವಿಸಬಾರದು. ದೊರೆಯು ತನ್ನ ಅರಮನೆಯನ್ನೇ ಸಿಪಾಯಿಗೆ ಬಿಟ್ಟುಕೊಟ್ಟನೆಂಬ ಸುದ್ದಿಯನ್ನು ಭಾರತದ ಹಳ್ಳಿಗಳಿಗೆ ಮುಟ್ಟಿಸಲಾಯಿತು. ಇಂಗ್ಲಿಷ್, ಉರ್ದು, ಗುರುಮುಖಿಗಳಲ್ಲಿ ಚಿತ್ರಸಹಿತ ಪುಸ್ತಿಕೆಯೇ ಪ್ರಕಟವಾಯಿತು. ನಿಜವಾಗಿ ವಿಕ್ಟೋರಿಯಾ ರಾಣಿ ಆ ಅರಮನೆಯನ್ನು 1850ರಲ್ಲಿಯೇ ಊರಿನ ಪೌರಸಭೆಗೆ ಮಾರಿದ್ದಳು! ಅದೇ ಊರಿನಲ್ಲಿ, ಹಿಂದೆ ಬಡವರನ್ನಿರಿಸುತ್ತಿದ್ದ ಕಟ್ಟಡದಲ್ಲಿ ತೆರೆದ ಕಿಚನರ್ ಆಸ್ಪತ್ರೆಯ ಸುತ್ತ ಮುಳ್ಳುತಂತಿ ಬಿಗಿದಿದ್ದರು. ಗುಣಮುಖನಾದ ಸಿಪಾಯಿಯೂ ಇಷ್ಟಬಂದಂತೆ ಪೇಟೆಗೆ ಹೋಗುವಂತಿರಲಿಲ್ಲ. 1915ರ ಮೇ ತಿಂಗಳಲ್ಲಿ, ಗಾಯಾಳು ಸಿಪಾಯಿಯ ಪಕ್ಕದಲ್ಲಿ ಆಂಗ್ಲ ದಾದಿಯೊಬ್ಬಳು ನಿಂತ ಚಿತ್ರವು ಪತ್ರಿಕೆಯಲ್ಲಿ ಬಂದುದೇ ತಡ, ಅನೇಕ ಭಾರತೀಯ ಆಸ್ಪತ್ರೆಗಳಿಂದ ದಾದಿಯರನ್ನು ಹಿಂದಕ್ಕೆ ಕರೆಸಿದರು. ಕಾಯಿಲೆಯವನ ಜನಿವಾರದ ಚಿಂತೆ ಮಾಡಿದ ಸರಕಾರಕ್ಕೆ, ಅವನ ಹಣೆಯ ಮೇಲೆ ಬಿಳಿಯ ಹೆಣ್ಣಿನ ಕೈ ತಾಗುವುದು ಅದಕ್ಕಿಂತ ದೊಡ್ಡ ಚಿಂತೆಯಾಗಿತ್ತು.

ಸಿಪಾಯಿಗಳು ಬರೆದ ಕಾಗದಗಳನ್ನು ಸೆನ್ಸಾರಿನವರು ಒಡೆದು ಓದುತ್ತಿದ್ದರು. ಅವರು ಅನುವಾದಿಸಿಟ್ಟ ಭಾಗಗಳಿಂದಲೇ ಇಂದು ಆ ಮನುಷ್ಯರ ದನಿ ನಮಗೆ ಕೇಳಿಸುತ್ತಿದೆ. ಹಾಲು ಹಣ್ಣುಗಳನ್ನೂ ಅರಮನೆಯ ದೀಪಗಳನ್ನೂ ಹೊಗಳಿ ಬರೆದವರು ಅನೇಕರು. ಆದರೆ ಕೆಲವು ಕಾಗದಗಳಲ್ಲಿ ಮೆಣಸಿನ ಮಾತು ಬರುತ್ತದೆ. ಕರಿಮೆಣಸು ಮುಗಿಯುತ್ತ ಬಂತು, ಕೆಂಪು ಮೆಣಸು ಇನ್ನೂ ಉಳಿದಿದೆ ಎಂಬಂಥ ಒಕ್ಕಣೆ. ಅಡಿಗೆಯ ಸುದ್ದಿಯೆಂದು ಬಿಟ್ಟುಬಿಡುವಂತಿತ್ತು, ಸೆನ್ಸಾರಿನವರು ಬಿಡಲಿಲ್ಲ. ಕರಿಮೆಣಸೆಂದರೆ ಭಾರತದ ಸಿಪಾಯಿ, ಕೆಂಪು ಮೆಣಸೆಂದರೆ ಬಿಳಿಯ ಸಿಪಾಯಿ. ನಮ್ಮವರನ್ನು ಮೊದಲು ಸವೆಸುತ್ತಿದ್ದಾರೆ, ಊರಿನ ಹುಡುಗರನ್ನು ಸೇನೆಗೆ ಸೇರಿಸಬೇಡಿ ಎಂಬುದು ಅದರ ತಾತ್ಪರ್ಯ. ಅಡಿಕೆಮರಗಳಿಗೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿಸಿ ಬದುಕುವ ನಾಡಿನವರಾದ ನಮಗೆ ಆ ಸಾಲುಗಳನ್ನು ಸುಮ್ಮನೆ ಓದಿ ಮುಂದೆ ಹೋಗಲಾಗಲಿಲ್ಲ. ರಾಜಕುಮಾರಿಯು ತಗಡಿನ ಡಬ್ಬಿಯಲ್ಲಿ ಸಾಂಬಾರ ಕಳುಹಿಸಿದಳು. ಸಿಪಾಯಿಯು ಸಾಂಬಾರದ ಹೆಸರಿನಲ್ಲೇ ಮನೆಗೆ ಸತ್ಯವನ್ನು ಕಳುಹಿಸಿದನು.

ಬ್ರೈಟನ್‌ನಲ್ಲಿ ತೀರಿಕೊಂಡ ಹಿಂದು ಮತ್ತು ಸಿಖ್ ಸಿಪಾಯಿಗಳನ್ನು ಪ್ಯಾಚಮ್ ಗ್ರಾಮದ ಮೇಲಿನ ಗುಡ್ಡದಲ್ಲಿ ದಹಿಸಿ, ಬೂದಿಯನ್ನು ಕಡಲಿಗೆ ಬಿಟ್ಟರು. ಮುಸಲ್ಮಾನರನ್ನು ವೋಕಿಂಗ್ ಊರಿನ ಮಸೀದಿಯ ಸಮೀಪ ಮಣ್ಣುಮಾಡಿದರು. ಗುಡ್ಡದ ಮೇಲೆ ಈಗ 'ಛತ್ರಿ' ಎಂಬ ಅಮೃತಶಿಲೆಯ ಮಂಟಪವಿದೆ. ಎಂಟು ಕಂಬ, ಒಂದು ಗುಮ್ಮಟ, 29 ಅಡಿ ಎತ್ತರ. ಮುಂಬಯಿಯ ಇ. ಸಿ. ಹೆನ್ರಿಕ್ಸ್ ಇದರ ಶಿಲ್ಪಿ. 1921ರ ಫೆಬ್ರವರಿ ಒಂದರಂದು ಅನಾವರಣ. ಅಲ್ಲಿಯವರೆಗೆ ವಾಹನ ಹೋಗದು, ಕುರಿ ಮೇಯುವ ಹುಲ್ಲುಗಾವಲನ್ನು ಹತ್ತಿ ನಡೆಯಬೇಕು. ಗಾಳಿಗೆ ಕೊಡೆ ಬಿಚ್ಚಲಾಗದೆ ನಾವು ನೆನೆದೇ ಹತ್ತಿದೆವು. ಮಂಟಪದಲ್ಲಿ ಯಾರ ಹೆಸರೂ ಇರಲಿಲ್ಲ. ಸಮೀಪದಲ್ಲಿ 53 ಮಂದಿಯ ಹೆಸರುಗಳನ್ನು ಕೆತ್ತಿದ ಕಲ್ಲನ್ನು ನಿಲ್ಲಿಸಿದುದು 2010ರಲ್ಲಿ. ಪ್ರತಿ ಜೂನ್ ತಿಂಗಳಲ್ಲಿ ಅಲ್ಲಿ ಸ್ಮರಣೆಯ ಕೂಟ ನಡೆಯುತ್ತದೆ.

ಕೊನೆಯದಾಗಿ ನಾವು ಹೋದುದು ಬ್ರಾಕನ್‌ಹರ್ಸ್ಟ್‌ಗೆ. ನ್ಯೂ ಫಾರೆಸ್ಟ್ ಕಾಡಿನ ನಡುವಿನ ಹಳ್ಳಿ. ನಮ್ಮಲ್ಲಿ ದನಗಳಿರುವಂತೆ ಅಲ್ಲಿ ಪುಟ್ಟ ಕುದುರೆಗಳು ರಸ್ತೆಗೆ ಅಡ್ಡ ನಿಂತಿರುತ್ತವೆ. ಮೇಲೆ ಹೇಳಿದ ನಿಧಿಯು ವೈಸರಾಯರ ಪತ್ನಿಯ ಹೆಸರಿನಲ್ಲಿ ಲೇಡಿ ಹಾರ್ಡಿಂಜ್ ಆಸ್ಪತ್ರೆಯನ್ನು ನಡೆಸಿದುದು ಇಲ್ಲಿ. ಸಂತ ನಿಕೊಲಾಸರ ಇಗರ್ಜಿಯ ಹಿತ್ತಿಲಲ್ಲಿ ನ್ಯೂಜಿಲೆಂಡಿನ ಸೈನಿಕರ ಸಮಾಧಿಗಳು ಸಾಲಾಗಿವೆ. ಅವುಗಳಿಗೆ ಹೋಲದ ಒಂದು ಕಲ್ಲು ಅಲ್ಲಿದೆ. ಅದು ಸುಖಾ ಎಂಬವನದು. ಬರೇಲಿಯವನು, ಆಸ್ಪತ್ರೆಯ ಜಾಡಮಾಲಿ, 1915ರ ಜನವರಿ 12ರಂದು ತೀರಿಕೊಂಡಾಗ ಮೂವತ್ತು ವಯಸ್ಸು. ಅವನ ಜಾತಿಯ ಕಾರಣದಿಂದ ಹಿಂದುಗಳು ದಹಿಸಲೊಪ್ಪಲಿಲ್ಲ, ಮುಸಲ್ಮಾನನಲ್ಲವಾದುದರಿಂದ ವೋಕಿಂಗ್‌ನಲ್ಲಿಯೂ ಎಡೆ ಸಿಗಲಿಲ್ಲ ಎಂದು ಹೇಳುತ್ತಾರೆ. ಕಡ, ಕಿರ್ಪಾಣ, ಜನಿವಾರ, ಗ್ರಂಥ ಎಂದು ಪ್ರತಿಯೊಬ್ಬನನ್ನೂ ಗುರುತಿಸಿ ಗಂಟು ಕಟ್ಟಿದವರ ಪಟ್ಟಿಯಲ್ಲಿ ಈ ಮನುಷ್ಯನಿಗೆ ಸಲ್ಲುವ ವಸ್ತು ಯಾವುದಿತ್ತೋ! ಅವನು ಕ್ರೈಸ್ತನಲ್ಲವೆಂಬುದನ್ನು ಕಲ್ಲಿನ ಮೇಲೆಯೇ ಕೆತ್ತಿಸಿ, ಇಗರ್ಜಿಯ ನೆಲದಲ್ಲಿ ಅವನಿಗೆ ಎಡೆ ಕೊಟ್ಟಿದ್ದಾರೆ. ಕಲ್ಲನ್ನು ನಿಲ್ಲಿಸಿದವರು ದೊರೆಯಲ್ಲ, ನಿಧಿಯಲ್ಲ. ಬ್ರಾಕನ್‌ಹರ್ಸ್ಟ್ ಹಳ್ಳಿಯ ಇಗರ್ಜಿಯ ಒಕ್ಕಲಿನವರು.