ಯಂತ್ರದ ಸಂಕೇತ, ನಮ್ಮ ತಪ್ಪು

ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿ ಬಿಸಿನೀರಿನ ಮಾತೆತ್ತಿದರೆ ಕೇಳಿದವರು ನಗುವರು. ವೈಶಾಖದಲ್ಲಿ ಇಲ್ಲಿ ನಲ್ಲಿಯ ನೀರೇ ಕೈ ಸುಡುತ್ತದೆ. ಆದರೆ ಪುಷ್ಯಮಾಸದ ಬೆಳಗಿನ ಜಾವದ ಸಂಗತಿ ಬೇರೆ. ಮಟಮಾರಿಯ ಪ್ರಸಾದ ನಿಲಯವೊಂದರಲ್ಲಿ ನಾವು ಮಕ್ಕಳಿಗೆ ವಚನ ಪಾಠ ಹೇಳುತ್ತಿದ್ದೆವು. ಮಕ್ಕಳು ಮಿಂದು ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಲು ಐದು ಗಂಟೆಗೇ ನೀರು ಕಾದಿರಬೇಕಿತ್ತು.

ಅಲ್ಲಿ ಹಂಡೆಗೆ ಉರಿ ಹಾಕುವ ಕಾಯಕ ಒಬ್ಬ ವೃದ್ಧರದಾಗಿತ್ತು. ಹೊಗೆಯಿಂದ ಅವರ ಕಣ್ಣು ಮಂಜಾದುದನ್ನು ಕಂಡ ಭಕ್ತರೊಬ್ಬರು ಹೀಟ್ ಪಂಪ್ ಎಂಬ ಯಂತ್ರವನ್ನು ಕೊಡಿಸಿದರು. ದೊಡ್ಡ ನಗರಗಳಲ್ಲಿ ಈಜುಕೊಳದ ನೀರನ್ನು ಬೆಚ್ಚಗಿಡುವುದೂ ಇದೇ ಜಾತಿಯ ಯಂತ್ರವೇ. ಇದು ಸುರುಳಿ ಕಾಯಿಸಿ ನೀರನ್ನು ಬಿಸಿಮಾಡುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ದಾಟಿಸುತ್ತದೆ. ಆದುದರಿಂದ ನಮ್ಮಂತಹ ಬೆಚ್ಚನೆಯ ಸೀಮೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ದೊರೆಯುತ್ತದೆ. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ವಿದ್ಯುತ್ ತೆಗೆಯುವುದನ್ನು ಕಂಡಿರುವ ನಮಗೆ ಈ ಮಿತವ್ಯಯ ಬಲು ಹಿಡಿಸಿತು. ಬೆಲೆಬಾಳುವ ವಸ್ತುವೆಂದು, "ಇದನ್ನು ಮುಟ್ಟಬೇಡಿ" ಎಂದು ಆ ವೃದ್ಧರಿಗೆ ಕಟ್ಟಪ್ಪಣೆ ಮಾಡಿದೆವು.

ತಿಂಗಳೊಂದು ಕಳೆಯಿತು. ಒಂದು ಮುಂಜಾನೆ ಯಂತ್ರ ನಿಂತಿತು. ಅದರ ಮುಖದ ಮೇಲೆ 'ಇ3' ಎಂಬ ಅಕ್ಷರ ಮಿನುಗುತ್ತಿತ್ತು. ಆರಿಸಿ ಹಚ್ಚಿದರೆ ಸ್ವಲ್ಪ ಹೊತ್ತು ನಡೆದು ಮತ್ತೆ ಅದೇ ಸಂಕೇತ. ಮಕ್ಕಳು ನಡುಗುತ್ತ ತಣ್ಣೀರು ಸುರಿದುಕೊಂಡರು. ನಮ್ಮ ಮನಸ್ಸು ಕೂಡಲೇ ಆ ವೃದ್ಧರ ಕಡೆಗೆ ಓಡಿತು. ತಮ್ಮ ಒಲೆ ಆರಿದ ಸಿಟ್ಟಿನಿಂದ ಅವರೇ ಏನನ್ನೋ ತಿರುವಿರಬೇಕೆಂದು ಸಂಶಯಪಟ್ಟೆವು. ಸಂಶಯಪಟ್ಟದ್ದಷ್ಟೇ ಅಲ್ಲ, ನಾಲ್ಕು ಜನರ ಮುಂದೆ ಕೇಳಿಯೂ ಬಿಟ್ಟೆವು. ಅವರು ಉತ್ತರಿಸದೆ ಹಂಡೆಗೆ ಮತ್ತೆ ಉರಿ ಹಾಕಿದರು.

ರಾಯಚೂರಿನ ಮೆಕ್ಯಾನಿಕರಿಗೆ ಫೋನು ಮಾಡಿದೆವು. "ಆರಿಸಿ ಹಚ್ಚುವುದನ್ನು ನಿಲ್ಲಿಸಿರಿ, ಮೊದಲು ಕೈಪಿಡಿ ನೋಡಿರಿ. ಒಂದೇ ಸಂಕೇತಕ್ಕೆ ಒಂದೊಂದು ಕಂಪನಿ ಒಂದೊಂದು ಅರ್ಥ ಇಟ್ಟಿರುತ್ತದೆ" ಎಂದರು ಅವರು. ನಮ್ಮ ಕೈಪಿಡಿಯ ಪ್ರಕಾರ ಇ3 ಎಂದರೆ ನೀರಿನ ಹರಿವು ಸಾಲದು ಎಂದರ್ಥ. ಹರಿವು ಕಡಿಮೆಯಾದಾಗ ಶಾಖ ಸಾಗದೆ ಒಳಗಿನ ಒತ್ತಡ ಏರುತ್ತದೆ. ಕಂಪ್ರೆಸರ್ ಕೆಡದಿರಲೆಂದು ಯಂತ್ರ ತಾನೇ ನಿಲ್ಲುತ್ತದೆ. ವಾಲ್ವುಗಳು ಪೂರ್ತಿ ತೆರೆದಿವೆಯೇ, ನೀರಿನ ಪಂಪು ತಿರುಗುತ್ತಿದೆಯೇ, ಕೊಳವೆಯಲ್ಲಿ ಗಾಳಿ ಸೇರಿದೆಯೇ, ಜಾಳಿಗೆ ಕಟ್ಟಿದೆಯೇ ಎಂದು ಕ್ರಮವಾಗಿ ನೋಡಬೇಕು. ವಿದ್ಯುತ್ ಪೆಟ್ಟಿಗೆಗೂ ಅನಿಲದ ಕೊಳವೆಗೂ ಮಾತ್ರ ನಾವು ಕೈಹಾಕಬಾರದು.

ಮೊದಲ ಮೂರೂ ಸರಿಯಿದ್ದವು. ಮುಖ್ಯ ಸ್ವಿಚ್ಚನ್ನು ಆರಿಸಿ, ಎರಡೂ ಕಡೆಯ ವಾಲ್ವು ಮುಚ್ಚಿ ಜಾಳಿಗೆ ಬಿಚ್ಚಿದಾಗ ಕೊಳವೆಬಾವಿಯ ಮರಳೂ ಗಡಸು ನೀರಿನ ಸುಣ್ಣದ ಚಕ್ಕೆಗಳೂ ಹಿಡಿತುಂಬ ಬಂದವು. ತೊಳೆದು ಕೂಡಿಸಿದೆವು; ಯಂತ್ರ ನಡೆಯಿತು. ಆಗ ಆ ವೃದ್ಧರು ಮೆಲ್ಲಗೆ ನುಡಿದರು:

"ಅಯ್ಯನೋರೆ, ಕೂಡಿಸಾಕ ಬಂದ ಹುಡುಗ ನನಗ ತೋರಿಸಿದ್ದ. ಸೋಮವಾರಕ್ಕೊಮ್ಮೆ ಅದನ್ನ ತೊಳಿ ಅಂದಿದ್ದ. ನೀವು ಮುಟ್ಟಬ್ಯಾಡ ಅಂದ್ರಿ, ಬಿಟ್ಟೆ."

ನಮಗೆ ಮಾತು ಹೊರಡಲಿಲ್ಲ. ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಅವರನ್ನು ತಿದ್ದಿದ ಕಥೆಯನ್ನು ನಾವು ಎಷ್ಟು ಊರುಗಳಲ್ಲಿ ಹೇಳಿಲ್ಲ! ತಿದ್ದಿಸಿಕೊಳ್ಳುವ ಸರದಿ ನಮಗೆ ಬಂದಾಗ ಆ ಕಥೆ ನೆನಪಿಗೆ ಬರಲಿಲ್ಲ. ಯಂತ್ರ ಹೇಳಿದ್ದು ತಾನು ಎಲ್ಲಿ ನಿಂತೆನೆಂಬುದನ್ನು ಮಾತ್ರ. ಯಾರ ತಪ್ಪೆಂದು ಅದು ಹೇಳಿರಲಿಲ್ಲ; ಅದನ್ನು ಸೇರಿಸಿದವರು ನಾವು.

ಮರುದಿನ ಪ್ರಸಾದದ ಪಂಕ್ತಿಯಲ್ಲಿ, ಆ ನಾಲ್ವರನ್ನೂ ಕುಳ್ಳಿರಿಸಿಕೊಂಡು, ಅವರ ಕ್ಷಮೆ ಬೇಡಿದೆವು. ಯಂತ್ರದ ಕೋಣೆಯ ಬೀಗದ ಕೈಯನ್ನು ಅವರಿಗೇ ಒಪ್ಪಿಸಿದೆವು. ಅಂದಿನಿಂದ ಪ್ರತಿ ಸೋಮವಾರ ಅವರು ಜಾಳಿಗೆ ತೊಳೆಯುತ್ತಾರೆ. ಪಾಠಕ್ಕೆ ಮುನ್ನ ನಾವು ಹೋಗಿ ಅವರಿಗೆ ದೀಪ ಹಿಡಿಯುತ್ತೇವೆ.