ಸೀಮೆಸುಣ್ಣದ ಹುಡಿ

ಉಪಾಧ್ಯಾಯವೃತ್ತಿಯಲ್ಲಿ ನಾನು ಹೇಳಿಕೊಟ್ಟ ಪಾಠಗಳು ನನಗೇ ಬಹುಮಟ್ಟಿಗೆ ಮರೆತುಹೋಗಿವೆ. ಗದರಿಸಿದ ಒಂದು ಪ್ರಸಂಗವು ಮಾತ್ರ ಮರೆಯದು.

1978ರಲ್ಲಿ ಒಂದು ದಿನ ತರಗತಿಯಲ್ಲಿ ನ್ಯೂಟನ್ನನ ಗುರುತ್ವಾಕರ್ಷಣ ನಿಯಮವನ್ನು ವಿವರಿಸುತ್ತಿದ್ದೆನು. ದೂರವು ಇಮ್ಮಡಿಯಾದರೆ ಸೆಳೆತವು ಕಾಲುಭಾಗಕ್ಕಿಳಿಯುವುದು. ಸೂರ್ಯನಿಗೂ ಭೂಮಿಗೂ ಇದೇ ಕಟ್ಟಳೆ, ಈ ಹಲಗೆಯ ಮೇಲಿನ ಸೀಮೆಸುಣ್ಣದ ಹುಡಿಗೂ ಇದೇ ಕಟ್ಟಳೆ, ಎಂದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಹುಡಿಯ ಎರಡು ಕಣಗಳ ನಡುವೆ ಯಾರು ಅಳೆದು ನೋಡಿದರು, ಸಾರ್?” ಎಂದು ಕೇಳಿದನು. “ಚಂದ್ರನನ್ನೇ ಹಿಡಿದಿಟ್ಟ ನಿಯಮಕ್ಕೆ ನಿನ್ನ ಹುಡಿ ಒಂದು ಲೆಕ್ಕವೇನೋ? ಕೂತುಕೋ” ಎಂದುಬಿಟ್ಟೆನು. ತರಗತಿಯೆಲ್ಲ ನಕ್ಕಿತು. ಆ ವರ್ಷ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಯಾರೂ ಅಳೆದಿರಲಿಲ್ಲವೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಹೆನ್ರಿ ಕ್ಯಾವೆಂಡಿಷನು ತನ್ನ ಪ್ರಸಿದ್ಧ ಪ್ರಯೋಗವನ್ನು 1798ರಲ್ಲಿ ಪ್ರಕಟಿಸಿದನು. ತನ್ನ ಮೈಯ ಬಿಸಿಯಿಂದ ಗಾಳಿ ಕದಲೀತೆಂದು ಅವನು ಕೋಣೆಯ ಹೊರಗೆ ನಿಂತು, ದೂರದರ್ಶಕದಿಂದ ತೂಗುಕೋಲಿನ ತಿರುಚನ್ನು ನೋಡಿದನಂತೆ. ಅವನ ಸೀಸದ ಗೋಲಗಳ ಕೇಂದ್ರಗಳಿಗಿದ್ದ ಅಂತರವು ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಗೇಣು. ಅನಂತರ ಇನ್ನೂರು ವರ್ಷಗಳು ಕಳೆದರೂ ಒಂದು ಮಿಲ್ಲಿಮೀಟರಿಗಿಂತ ಕಡಮೆಯ ದೂರದಲ್ಲಿ ಆ ನಿಯಮವನ್ನು ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ.

ಪರೀಕ್ಷೆಯ ಅಗತ್ಯವನ್ನು ತೋರಿಸಿಕೊಟ್ಟವರು ಅರ್ಕಾನಿ-ಹಮೆದ್, ದಿಮೋಪೌಲೋಸ್, ಡ್ವಾಲಿ ಎಂಬ ಮೂವರು ವಿದ್ವಾಂಸರು, 1998ರ ಮಾತು. ಎಳೆಯ ಮಗುವಿನ ಕೈಯ ಅಯಸ್ಕಾಂತವು ಇಡೀ ಭೂಮಂಡಲದ ಸೆಳೆತವನ್ನು ಸೋಲಿಸಿ ಗುಂಡುಸೂಜಿಯನ್ನು ಎತ್ತುತ್ತದೆ. ಗುರುತ್ವವು ಇಷ್ಟು ದುರ್ಬಲವೇಕೆ? ಉದ್ದ, ಅಗಲ, ಎತ್ತರಗಳಲ್ಲದೆ ನಮಗೆ ಕಾಣದಂತೆ ಸುರುಳಿಗೊಂಡ ಬೇರೆ ಆಯಾಮಗಳಿದ್ದು, ಗುರುತ್ವವು ಅವುಗಳೊಳಕ್ಕೂ ಹರಡಿಹೋಗುತ್ತಿರಬಹುದು ಎಂದು ಅವರ ಊಹೆ. ದೂರದಿಂದ ಬರಿಯ ಗೆರೆಯಾಗಿ ತೋರುವ ಬಾವಿಯ ಹಗ್ಗವು ಅದರ ಮೇಲೆ ಹರಿಯುವ ಇರುವೆಗೆ ಸುತ್ತಿಬರಬಹುದಾದ ನೆಲವಷ್ಟೆ! ಅಂತಹ ಆಯಾಮಗಳು ಎರಡಿದ್ದರೆ ಅವು ಮಿಲ್ಲಿಮೀಟರಿನಷ್ಟು ದೊಡ್ಡವಾಗಿರಲೂ ಬಹುದಿತ್ತು. ಆಗ ಅದಕ್ಕಿಂತ ಬಹಳ ಸಮೀಪದಲ್ಲಿ, ದೂರವು ಅರ್ಧವಾದರೆ ಸೆಳೆತವು ನಾಲ್ಕು ಮಡಿಯಲ್ಲ, ಹದಿನಾರು ಮಡಿ ಆಗಬೇಕು.

ಅಮೆರಿಕದ ಸಿಯಾಟಲ್ ನಗರದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಇದನ್ನು ಹುಡುಕಿದ ಬಗೆಯು ಕ್ಯಾವೆಂಡಿಷನಿಗೂ ಮೆಚ್ಚಿಕೆಯಾಗುತ್ತಿತ್ತು. ಹತ್ತು ರಂಧ್ರಗಳ ಲೋಹದ ಬಳೆಯೊಂದು ಸಣ್ಣ ಟಂಗ್‌ಸ್ಟನ್ ಎಳೆಯಿಂದ ನಿರ್ವಾತದಲ್ಲಿ ತೂಗುತ್ತಿರುವುದು. ಅದರ ಕೆಳಗೆ ಹತ್ತು ರಂಧ್ರಗಳ ಬಿಲ್ಲೆಯೊಂದು ಮೆಲ್ಲಮೆಲ್ಲನೆ ತಿರುಗುವುದು. ಬಿಲ್ಲೆಯು ಒಂದು ಸುತ್ತು ಬರುವುದರೊಳಗೆ ಬಳೆಯು ಹತ್ತು ಸಾರಿ ತುಸು ತಿರುಚಿಕೊಳ್ಳುವುದು. ಕನ್ನಡಿಯಿಂದ ಮರಳುವ ಬೆಳಕಿನ ಕಿರಣವು ಆ ತಿರುಚನ್ನು ತಿಳಿಸುವುದು. ಬಿಲ್ಲೆಗೆ ತಳದಲ್ಲಿ ಇನ್ನೊಂದು ದಪ್ಪ ಬಿಲ್ಲೆ. ಅದರ ರಂಧ್ರಗಳನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ ಕೊರೆದಿದ್ದರು. ನ್ಯೂಟನ್ನನ ಸೆಳೆತವನ್ನು ಅದು ಬಹುಪಾಲು ಅಳಿಸಿಹಾಕುವುದು, ಸಮೀಪದಲ್ಲಿ ಮಾತ್ರ ನಡೆಯುವ ಹೊಸ ಸೆಳೆತವೇನಾದರೂ ಇದ್ದರೆ ಅದೊಂದೇ ಉಳಿದು ಕಾಣುವುದು. ವಿದ್ಯುತ್ತಿನ ಕಾಟವನ್ನು ತಡೆಯಲು ನಡುವೆ ಬಿಗಿದ ತೆಳ್ಳನೆಯ ಲೋಹಪರದೆ. ಇಂತಹ ಅಂತರದಲ್ಲಿ ಧೂಳಿನ ಕಣವೂ ದೊಡ್ಡ ಶತ್ರು. ಸೀಮೆಸುಣ್ಣಕ್ಕೆ ಆ ಕೋಣೆಯಲ್ಲಿ ಪ್ರವೇಶವಿರಲಾರದು!

2001ರಲ್ಲಿ ಸುಮಾರು 0.2 ಮಿಲ್ಲಿಮೀಟರಿನವರೆಗೆ ನೋಡಿದರು, ನಿಯಮವು ಕದಲಲಿಲ್ಲ. 2007ರಲ್ಲಿ 42 ರಂಧ್ರಗಳ ಬಳೆಯಿಂದ ಇನ್ನೂ ಹತ್ತಿರ ಹೋದರು. 2020ರಲ್ಲಿ ಪ್ಲಾಟಿನಮ್ ತಗಡನ್ನು ಬಳಸಿ 52 ಮೈಕ್ರಾನಿಗೆ ಮುಟ್ಟಿದರು, ಎಂದರೆ ಮಿಲ್ಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಅಲ್ಲಿಯೂ ನ್ಯೂಟನ್ನನೇ. ಹೆಚ್ಚಿನ ಆಯಾಮಗಳಲ್ಲಿ ಒಂದು ಮಾತ್ರ ದೊಡ್ಡದೆಂದಿಟ್ಟುಕೊಂಡರೂ ಅದು 30 ಮೈಕ್ರಾನಿಗಿಂತ ಕಿರಿದಾಗಿರಬೇಕೆಂದು ಅವರ ನಿರ್ಣಯ. ನಮ್ಮ ಗೌರಿಬಿದನೂರಿನ ಬಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ನೆಲದಡಿಯಲ್ಲಿ ಇಂತಹದೇ ತಿರುಚುತಕ್ಕಡಿಯನ್ನು ತೂಗಹಾಕಿ ‘ಐದನೆಯ ಬಲ’ವೊಂದನ್ನು ಅರಸಿದ್ದರು, ಅವರಿಗೂ ಅದು ದೊರೆಯಲಿಲ್ಲ.

“ಇಪ್ಪತ್ತು ವರ್ಷ ದುಡಿದು ಏನೂ ಕಾಣಲಿಲ್ಲವೆಂದರೆ ಏನು ಬಂತು?” ಎಂದು ನಮ್ಮ ಮನೆಯಾಕೆ ಕೇಳಿದಳು. ನನ್ನ ಮಾತೇ ನಿಜವಾಯಿತಲ್ಲ ಎಂದು ನಾನು ಹಿಗ್ಗಬಹುದಾಗಿತ್ತು, ಹಿಗ್ಗಲಾಗಲಿಲ್ಲ. ನಾನು ಅಳೆಯದೆ ಹೇಳಿದೆನು, ಅವರು ಅಳೆದು ಹೇಳಿದರು.

ಆ ಹುಡುಗನಿಗೆ ಈಗ ಅರುವತ್ತು ದಾಟಿರಬೇಕು. ಅವನ ವಿಳಾಸವು ನನ್ನಲ್ಲಿಲ್ಲ. ಈ ಪತ್ರಿಕೆಯು ಅವನ ಮನೆಗೆ ಹೋಗುತ್ತಿರಲೂಬಹುದು. ಹಾಗಿದ್ದರೆ ತಿಳಿಯಲಿ: ನಿನ್ನ ಪ್ರಶ್ನೆಯು ಸರಿಯಾಗಿತ್ತಪ್ಪಾ, ಹಲಗೆಯ ಮೇಲಿನ ನುಣ್ಣನೆಯ ಹುಡಿಯು 52 ಮೈಕ್ರಾನಿಗಿಂತಲೂ ಸಣ್ಣದು, ಅದರ ಪಾಲಿನ ಉತ್ತರವು ಇನ್ನೂ ಬಂದಿಲ್ಲ.