ಧನ, ಕವಡಿ ಮತ್ತು ಮರಾಠಿ

ಧನಕವಡಿ ಎಂಬ ಊರಿನ ಹೆಸರು ಗುಮಾಸ್ತರಿಗೆಂದೇ ಹೇಳಿ ಮಾಡಿಸಿದಂತಿದೆ. ತಿಂಗಳ ಮೊದಲ ವಾರ ಧನ, ಉಳಿದ ಮೂರು ವಾರ ಕವಡಿ! ಹೆಸರಿನ ನಿಜವಾದ ಮೂಲವನ್ನು ಪಂಡಿತರಿಗೆ ಬಿಟ್ಟಿದ್ದೇನೆ.

ಪುಣೆಯ ಸ್ವಾರಗೇಟಿನಿಂದ ದಕ್ಷಿಣಕ್ಕೆ ಸಾತಾರಾ ರಸ್ತೆಯನ್ನು ಹಿಡಿದು ಬಂದರೆ, ಕಾತ್ರಜ ಘಾಟಿನ ಗುಡ್ಡಗಳು ಎದುರಾಗುವ ಮೊದಲೇ ಸಿಗುವ ಬಡಾವಣೆ ಇದು. ಒಂದು ಕಾಲಕ್ಕೆ ಹಳ್ಳಿ. ಈಗ ಮಹಾನಗರಪಾಲಿಕೆಯ ಹೊಟ್ಟೆಯೊಳಗೆ ಸೇರಿದೆ. 1947ರಲ್ಲಿ ಸಮಾಧಿಸ್ಥರಾದ ಶಂಕರ ಮಹಾರಾಜರ ಮಠ ಇಲ್ಲಿದೆ. ಭಾರತೀ ವಿದ್ಯಾಪೀಠದ ಹುಡುಗರ ಗದ್ದಲವಿದೆ. ಆಚೆಗೆ ಕಾತ್ರಜದ ಕೆರೆ. ಪೇಶ್ವೆಯವರ ಕಾಲದಲ್ಲಿ ಅಲ್ಲಿಂದ ಶನಿವಾರವಾಡೆಯ ಕಡೆಗೆ ನೆಲದೊಳಗಿನ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ನನಗೆ ಮಾತ್ರ ಇವೆಲ್ಲಕ್ಕಿಂತ ರಸ್ತೆಯ ಮೇಲೆಯೇ ಮಮತೆ. ಹಳೆಯ ನಾಲ್ಕನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ ಇದೇ. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ ಎಂದು ಹೋಗುತ್ತ ಹೋಗುತ್ತ ನಮ್ಮ ಹಿರಿಯೂರನ್ನು ಮುಟ್ಟುತ್ತದೆ. ರಸ್ತೆ ಒಂದೇ, ಮಾತು ಮಾತ್ರ ಬೇರೆ.

ಬೇರೆ ಎಂದರೂ ಪೂರ್ತಿ ಬೇರೆಯಲ್ಲ. ತೊಂದರೆ ಇರುವುದೇ ಅಲ್ಲಿ. ನಮ್ಮ ತುಪ್ಪ ಇಲ್ಲಿ ತೂಪ್, ಅಡಕೊತ್ತು ಅಡಕಿತ್ತಾ; ಅಕ್ಕ, ಅಣ್ಣ ಇದ್ದಂತೆಯೇ ಇದ್ದಾರೆ. ಹಿಂದಿಯವರ ನಾಲಗೆಗೆ ಒಗ್ಗದ 'ಳ'ಕಾರವನ್ನು ನಮ್ಮ ಹಾಗೆಯೇ ಇವರೂ ಸಲೀಸಾಗಿ ಉಚ್ಚರಿಸುತ್ತಾರೆ. ಪರಿಚಯದ ಮುಖಗಳನ್ನು ನಂಬಿ ಒಳಗೆ ಹೋದರೆ ಎಡವುವುದು ಖಂಡಿತ. ಬಂದ ಹೊಸದರಲ್ಲಿ ನನ್ನ ಹೆಂಡತಿ ಕಿರಾಣಿ ಅಂಗಡಿಗೆ ಹೋದಾಗಲೆಲ್ಲ ಅಂಗಡಿಯವನು "ಕಾಯ್ ಪಾಹಿಜೆ?" ಎನ್ನುತ್ತಿದ್ದ. ಏನು ಬೇಕು ಎಂದು ಅದರರ್ಥ. ಇವಳು, "ಕಾಯಿ ಬೇಡಪ್ಪ, ಬೇಳೆ ಕೊಡು" ಎಂದು ತಲೆಯಾಡಿಸುವಳು. "ಕಂಡ ಕಂಡ ಅಂಗಡಿಯವರೆಲ್ಲ ಕಾಯಿ ಬೇಕೇ ಎನ್ನುತ್ತಾರೆ, ಹುಡುಕಿದರೆ ಒಂದು ತೆಂಗಿನಕಾಯೂ ಕಾಣದು!" ಎಂದು ಅವಳ ಆಶ್ಚರ್ಯ.

ಇನ್ನು ಲಿಂಗದ ಪ್ರಶ್ನೆ. ಕನ್ನಡದಲ್ಲಿ ಜೀವವಿಲ್ಲದ ವಸ್ತುಗಳೆಲ್ಲ 'ಅದು' ಎಂಬ ಒಂದೇ ಚಾಪೆಯ ಮೇಲೆ ಕೂಡುತ್ತವೆ. ಮರಾಠಿಯಲ್ಲಿ ಚಹಾ ಗಂಡು, ಕಾಫಿ ಹೆಣ್ಣು, ಹಾಲು ನಪುಂಸಕ. ಬೆಳಗಾಗೆದ್ದು ಒಂದು ಲೋಟ ಕಾಫಿ ಬೆರೆಸುವಾಗಲೂ ವ್ಯಾಕರಣ ನೆನಪಾಗಬೇಕು! ಅನ್ನ ಅವನು, ಭಾಕರಿ ಅವಳು, ಮಜ್ಜಿಗೆ ಅದು. ಇದು ಸಾಲದೆಂದು ಮಾತನಾಡುವವನ ಲಿಂಗವೂ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. 'ಬರುತ್ತೇನೆ' ಎನ್ನಲು ಗಂಡಸು 'ಯೇತೋ' ಎನ್ನಬೇಕು, ಹೆಂಗಸು 'ಯೇತೆ'. ನಮ್ಮ ಮಹಡಿಯ ಮೇಲಿದ್ದ ತುಮಕೂರಿನ ಬ್ರಹ್ಮಚಾರಿಯೊಬ್ಬ ತನ್ನ ಮರಾಠಿಯನ್ನೆಲ್ಲ ಮನೆಯೊಡತಿಯಿಂದಲೇ ಕಲಿತವನು. ಒಂದು ಸಂಜೆ ಮೇಲಧಿಕಾರಿಗೆ ಕೈಮುಗಿದು, "ಮೀ ಯೇತೆ, ಸಾಹೇಬ್" ಎಂದನಂತೆ. ಆ ರಸಿಕರು ಕನ್ನಡಕದ ಮೇಲಿನಿಂದ ನೋಡಿ, "ಯಾ ಬಾಈ, ಯಾ" ಎಂದು ಬೀಳ್ಕೊಟ್ಟರು. ಬನ್ನಿ ತಾಯಿ, ಬನ್ನಿ ಎಂದಂತಾಯಿತು.

ಲೆಕ್ಕದ ಮಾತು ಬೇಡವೇ ಬೇಡ. ಪಂಚವೀಸ್, ಪಸ್ತೀಸ್, ಪಂಚೇಚಾಳೀಸ್, ಪಂಚಾವನ್ನ, ಪಾಸಷ್ಟ: ಒಂದರ ಬಾಲ ಇನ್ನೊಂದಕ್ಕಿಲ್ಲ. 2019ರಲ್ಲಿ ಎರಡನೆಯ ತರಗತಿಯ ಸರ್ಕಾರಿ ಗಣಿತ ಪುಸ್ತಕದಲ್ಲಿ 63 ಎನ್ನಲು 'ತ್ರೇಸಷ್ಟ'ದ ಜೊತೆಗೆ 'ಸಾಠ ತೀನ್' ಎಂಬ ಸುಲಭ ದಾರಿಯನ್ನೂ ತೋರಿಸಿದರು. ಮರಾಠಿಯ ಮಕ್ಕಳಿಗೇ ಕಷ್ಟವೆಂದು ಕಂಡಿತ್ತು ಎನ್ನಿ. ಊರೆಲ್ಲ ರಂಪವಾಯಿತು. ಅರವತ್ತು-ಮೂರು ಎಂದು ಎಣಿಸಿ ಬೆಳೆದ ನಮ್ಮ ಮನೆಗಳಲ್ಲಿ ಮಾತ್ರ ಒಳಗೊಳಗೇ ಸಂತೋಷ.

ಕಚೇರಿಯಲ್ಲಿ ನಾನು ಮೆಚ್ಚಿದ ಶಬ್ದ 'ಪರವಾ'. ಮೊನ್ನೆ ಎಂದೂ ಅದೇ, ನಾಡಿದ್ದು ಎಂದೂ ಅದೇ. ಕಡತ ಎಲ್ಲಿ ಎಂದರೆ "ಪರವಾ" ಎಂದರಾಯಿತು. ಹೋಯಿತೋ, ಹೋಗಲಿದೆಯೋ, ಕೇಳಿದವನ ಹಣೆಬರಹ. ಸರ್ಕಾರಿ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದ ಮಾತು ಕನ್ನಡದಲ್ಲಿಲ್ಲವೆಂದು ಖೇದವಾಗುತ್ತದೆ. ಈ ರಸ್ತೆಯಲ್ಲಿ ನಮಗಿಂತ ದೊಡ್ಡವರೂ ಓಡಾಡಿದ್ದಾರೆ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು 1918ರಲ್ಲಿ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಧಾರವಾಡಕ್ಕೆ ಹೋಗಿ ಕನ್ನಡದ ವರಕವಿಯಾದರು. ನಾನು ಬಿ.ಎ. ಮುಗಿಸಿ ಎದುರು ದಿಕ್ಕಿನಲ್ಲಿ ಬಂದವನು. ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವಷ್ಟು ಸಾಹಿತ್ಯ ಸಿದ್ಧಿಸಿದೆ.

ನಗುವ ಮಾತು ಇಷ್ಟೇ. ತಂದೆ ತೀರಿಕೊಂಡ ಮೇಲೆ ಹಿರಿಯೂರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಕರೆತಂದೆವು. ಹಗಲೆಲ್ಲ ನಾವು ಕಚೇರಿಗೆ, ಮಗು ಶಾಲೆಗೆ. ಅಮ್ಮ ಬಾಲ್ಕನಿಯಲ್ಲಿ ಕೂತು ಬಸ್ಸುಗಳನ್ನು ನೋಡುವರು. ಊರಿನಲ್ಲಿ ಒಂದು ಬೀದಿಯ ಜಗಳಗಳನ್ನೆಲ್ಲ ಮಾತಿನಿಂದಲೇ ತೀರಿಸುತ್ತಿದ್ದವರು, ಮೂರು ತಿಂಗಳಲ್ಲಿ ನಮ್ಮೊಡನೆ ಮಾತನಾಡುವುದನ್ನೂ ಕಡಿಮೆ ಮಾಡಿದರು. ಒಂದು ರಾತ್ರಿ, "ನನ್ನನ್ನು ಊರಿಗೆ ಬಿಟ್ಟುಬಿಡಪ್ಪ. ಇಲ್ಲಿ ನನಗೆ ಬಾಯೇ ಇಲ್ಲ" ಎಂದರು. ರಕ್ತದೊತ್ತಡದ ಮಾತ್ರೆ ನುಂಗುವ ಜೀವ. ಆ ಮನೆಯಲ್ಲಿ ರಾತ್ರಿ ಒಬ್ಬರೇ ಹೇಗಿರುತ್ತಾರೆ? ಹೆಂಡತಿ ಉತ್ತರ ಹೇಳದೆ ಎದ್ದು ಒಳಗೆ ಹೋದಳು.

ಪಕ್ಕದ ಮನೆಯಲ್ಲಿ ಒಬ್ಬ ಆಜಿ ಇದ್ದರು. ಅಮ್ಮನಿಗೆ ಹಲ್ಲು ಕೀಳಿಸಿದ ಮಾರನೆಯ ದಿನ ಅವರು ಬಾಗಿಲಿಗೆ ಬಂದು, "ಬಾಈ ಆಲ್ಯಾ ಕಾ?" ಎಂದರು. ಕೆಲಸದವಳು ಬಂದಳೇ ಎಂದು ಅವರ ಪ್ರಶ್ನೆ. ತನ್ನ ಬಾಯಿಯನ್ನು ವಿಚಾರಿಸಿದರೆಂದು ತಿಳಿದು ಅಮ್ಮ ಬಾಯಿ ಅಗಲಿಸಿ ಖಾಲಿ ಜಾಗವನ್ನು ತೋರಿಸಿದರು. ಆಜಿಯೂ ತಮ್ಮ ಬಾಯಿ ತೆರೆದು ತಮ್ಮ ಖಾಲಿ ಜಾಗಗಳನ್ನು ತೋರಿಸಿದರಂತೆ! ಆಜಿ 'ತಾಈ' ಎಂದರೆ, ಅದು ಅಕ್ಕ ಎಂದು ಅರಿಯದೆ, "ನನಗಿಂತ ಹಿರಿಯರು, ನನ್ನನ್ನು ತಾಯಿ ಅಂತಾರಲ್ಲೋ" ಎಂದು ಅಮ್ಮನ ಕಣ್ಣು ಒದ್ದೆ. ಅಂದಿನಿಂದ ಮಧ್ಯಾಹ್ನಗಳು ಜಂಟಿಯಾದುವು. ಅವರದು ಅಭಂಗ, ಇವರದು ದಾಸರ ಪದ. ಎರಡರಲ್ಲಿಯೂ ವಿಠಲ ಬಂದೇ ಬರುತ್ತಾನೆ. ಜ್ಞಾನೇಶ್ವರರು ವಿಠಲನನ್ನು 'ಕಾನಡಾ' ಎಂದು ಕರೆದಿದ್ದಾರೆ. ಕನ್ನಡಿಗನೆಂದೂ, ತಿಳಿಯಲಾಗದವನೆಂದೂ ಆ ಮಾತಿಗೆ ಎರಡರ್ಥ ಹೇಳುತ್ತಾರೆ. ಅಮ್ಮನಿಗೆ ಆಜಿ ಅದೇ ಹೆಸರಿಟ್ಟಿದ್ದಾರೆ, ಎರಡರ್ಥವೂ ಸಲ್ಲುತ್ತದೆ.

ಮೊನ್ನೆ ಬಸ್ಸಿನ ಟಿಕೇಟು ತೆಗೆಸುವ ಸಲುವಾಗಿ, "ಊರಿಗೆ ಎಂದು ಹೊರಡುತ್ತೀಯಮ್ಮ?" ಎಂದು ಕೇಳಿದೆ. "ಪರವಾ" ಎಂದವರೇ, ತುಪ್ಪದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ನಡೆದರು.